ಸಿಪ್ಪೆಯ ನಡುವೆ ಒಂಬತ್ತು ಜಾಗ

ರಾತ್ರಿ ಹತ್ತೂವರೆಗೆ ಅಡಿಕೆ ಸುಲಿಯುವವರೆಲ್ಲ ಎದ್ದು ಹೋಗುತ್ತಾರೆ. ಅಷ್ಟು ಹೊತ್ತು ಮೊಬೈಲಿನಲ್ಲಿ ಕೇಳುತ್ತಿದ್ದ ಯಕ್ಷಗಾನದ ಚಂಡೆ ಅವರ ಬ್ಯಾಟರಿ ಬೆಳಕಿನ ಜೊತೆ ಗದ್ದೆಯ ಅಂಚಿನವರೆಗೂ ಹೋಗಿ ನಿಲ್ಲುತ್ತದೆ. ಹಂಡೆಯ ಕೆಳಗೆ ಕೆಂಡ, ಚಪ್ಪರದ ತುಂಬ ಚೊಗರಿನ (ಅಡಿಕೆ ಬೇಯಿಸಿ ಉಳಿದ ರಸದ) ಒಗರು ವಾಸನೆ, ನೆಲದ ಮೇಲೆ ಮೊಣಕಾಲುದ್ದದ ಸಿಪ್ಪೆ. ಡಿಸೆಂಬರಿನ ಅಂಥದೊಂದು ರಾತ್ರಿ ಲೈಟ್ ಆರಿಸಲು ಹೋದವಳು ಸ್ವಿಚ್ಚಿನ ಮೇಲೆ ಕೈಯಿಟ್ಟು ಹಾಗೇ ನಿಂತೆ. ಸಿಪ್ಪೆಯ ನಡುವೆ ಒಂಬತ್ತು ಗುಂಡಿಗಳಿದ್ದವು, ಹಕ್ಕಿ ಗೂಡಿನಂಥವು. ಒಂದೊಂದು ಗುಂಡಿಯಲ್ಲೂ ಒಂದು ಮಣೆ, ಮುಂದೆ ಗೋಣಿ ಮುಚ್ಚಿದ ಒಂದು ಮೆಟ್ಟುಗತ್ತಿ. ಯಾರ ಜಾಗ ಯಾವುದು ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು.

ನಾನು ಆ ಹೊತ್ತಿಗೆ ಊರಿಗೆ ಬಂದು ಎಂಟು ದಿನವಾಗಿತ್ತು. ಸಾಗರ ತಾಲ್ಲೂಕಿನಲ್ಲಿ ನಮ್ಮದು ಸಣ್ಣ ತೋಟ. ಅಪ್ಪಯ್ಯನಿಗೆ ಮಂಡಿನೋವು ಹೆಚ್ಚಾಗಿದ್ದರಿಂದ ಕೊಯ್ಲಿಗೆ ಒಬ್ಬರಾದರೂ ಬೇಕಿತ್ತು. ಮೂರು ವಾರ ರಜೆ ಹಾಕಿ ಶಿವಮೊಗ್ಗದಿಂದ ಬಂದೆ. ಬರುವಾಗ ಕ್ಯಾಮೆರಾ ತಂದಿದ್ದೆ. ಸೆಕೆಂಡ್ ಹ್ಯಾಂಡ್ ಕ್ಯಾನನ್, ಅದಕ್ಕೊಂದು 24 ಮಿ.ಮೀ. ಲೆನ್ಸ್. ಕೆಲಸದ ನಡುವೆ ಬಿಡುವಾದಾಗೆಲ್ಲ ತೆಗೆದೆ. ಮರದ ತುದಿಯಲ್ಲಿ ಅಡಿಕೆ ಗೊಂಚಲು ಕೊಯ್ಯುವ ಕೊನೆಗೌಡ, ಹಗ್ಗದ ಮೇಲೆ ಜಾರಿ ಬರುವ ಕೊನೆ, ಸುಲಿಯುವವರ ಕಪ್ಪಾದ ಬೆರಳು, ಹಂಡೆಯ ಹಬೆಯ ಹಿಂದೆ ಅಮ್ಮನ ಮುಖ. ಎಂಟು ದಿನಕ್ಕೆ ಎಂಟುನೂರಕ್ಕೂ ಹೆಚ್ಚು ಫೋಟೋ. ಚೆನ್ನಾಗಿದ್ದವು ಕೂಡ. ಆದರೆ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಮಾತಿಲ್ಲ. ಪ್ರತಿಯೊಂದೂ ತಾನೇ ಮುಖ್ಯ ಅಂತ ಎದ್ದು ನಿಂತಿತ್ತು. ಕ್ಯಾಲೆಂಡರಿನ ಹನ್ನೆರಡು ಹಾಳೆಗೆ ಆಗಬಹುದು, ನಮ್ಮ ಚಪ್ಪರದ ಬಗ್ಗೆ ಅವು ಏನೂ ಹೇಳುತ್ತಿರಲಿಲ್ಲ.

ಫೋಟೋ ಅಂದರೆ ಮುಖ ಇರಬೇಕು ಅಂತ ನಂಬಿ ಬೆಳೆದವಳು ನಾನು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಮಕ್ಕಳ, ಮುದುಕರ, ಬೀದಿಯ ಜನರ ಮುಖಗಳನ್ನು ನೋಡಿಯೇ ನನಗೆ ಕ್ಯಾಮೆರಾ ಹಿಡಿಯುವ ಆಸೆ ಹುಟ್ಟಿದ್ದು. ಹಾಗಾಗಿ ಮನುಷ್ಯರೇ ಇಲ್ಲದ ಜಾಗದ ಫೋಟೋ ತೆಗೆಯಬೇಕು ಅಂತ ಆ ರಾತ್ರಿ ಅನಿಸಿದಾಗ ಸ್ವಲ್ಪ ಅನುಮಾನವೇ ಆಯಿತು.

ಆ ಗುಂಡಿಗಳನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೆಂಪಡಿಕೆ ಮಾಡುವ ನಮ್ಮ ಕಡೆ ಕಾಯಿ ಹಸಿರಿರುವಾಗಲೇ ಕೊಯ್ದು, ಹಸಿಯಾಗಿಯೇ ಸುಲಿದು, ಚೊಗರು ಹಾಕಿ ಬೇಯಿಸಿ, ಬಿಸಿಲಿಗೆ ಹಾಕುತ್ತೇವೆ. ಸುಲಿಯುವುದಕ್ಕೆ ಮೆಟ್ಟುಗತ್ತಿ: ಮರದ ಹಲಗೆಗೆ ಕೂರಿಸಿದ ಬಾಗಿದ ಕತ್ತಿ. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಕಾಯನ್ನು ಅಲಗಿಗೆ ಒತ್ತಿ ತಿರುವಿದರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ. ಅಡಿಕೆ ಬುಟ್ಟಿಗೆ, ಸಿಪ್ಪೆ ಪಕ್ಕಕ್ಕೆ. ಎಷ್ಟು ಡಬ್ಬ ಸುಲಿದರು ಅನ್ನುವುದರ ಮೇಲೆ ಕೂಲಿ. ಇಷ್ಟೇ ಕೆಲಸ, ಎಲ್ಲರಿಗೂ ಒಂದೇ ಕೆಲಸ. ಆದರೆ ಆ ‘ಪಕ್ಕಕ್ಕೆ’ ಇದೆಯಲ್ಲ, ಅದು ಒಬ್ಬೊಬ್ಬರದು ಒಂದೊಂದು ಥರ. ಒಬ್ಬರು ಎಡಗೈಯವರು, ಅವರ ರಾಶಿ ಉಳಿದೆಲ್ಲರದರ ಎದುರು ದಿಕ್ಕಿಗೆ ಏರುತ್ತದೆ. ಅವರ ಹೆಂಡತಿ ಸಿಪ್ಪೆಯನ್ನು ಎಸೆಯುವುದೇ ಇಲ್ಲ, ಕೈಬಿಡುತ್ತಾರೆ, ಹಾಗಾಗಿ ಎರಡೂ ತೊಡೆಯ ಪಕ್ಕ ಒಡ್ಡು ಕಟ್ಟಿದ ಹಾಗೆ ನೇರ ಗೋಡೆ. ಐಟಿಐ ಓದುತ್ತಿರುವ ಹುಡುಗನ ಸಿಪ್ಪೆ ಎರಡು ಮಾರು ದೂರ ಪಕ್ಕದವರ ಬುಟ್ಟಿಯವರೆಗೆ ಚೆಲ್ಲಾಡಿರುತ್ತದೆ. ಬೈಸಿಕೊಳ್ಳುತ್ತಾನೆ, ಮರುದಿನ ಮತ್ತೆ ಹಾಗೇ. ಎಲ್ಲರಿಗಿಂತ ಹಿರಿಯರಾದ ದೊಡ್ಡಕ್ಕನ ಜಾಗ ಮಾತ್ರ ಬಟ್ಟಲಿನ ಹಾಗೆ ದುಂಡಗೆ, ನಡುವೆ ನೆಲ ಗುಡಿಸಿದಷ್ಟು ಚೊಕ್ಕ. (ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.)

ನಮ್ಮ ಸುತ್ತಿನ ಎಷ್ಟೋ ಮನೆಗಳಿಗೆ ಸುಲಿಯುವ ಯಂತ್ರ ಬಂದಿದೆ. ಆಳು ಸಿಗದ ಕಾಲದಲ್ಲಿ ಅದು ಬೇಡ ಅನ್ನುವ ಹಕ್ಕು ನನಗಿಲ್ಲ. ಅಪ್ಪಯ್ಯನೂ ಮುಂದಿನ ವರ್ಷ ವಿಚಾರಿಸೋಣ ಅನ್ನುತ್ತಿದ್ದಾರೆ. ಯಂತ್ರದ ಬಾಯಿಂದ ಸಿಪ್ಪೆ ಒಂದೇ ರಾಶಿಯಾಗಿ ಬೀಳುತ್ತದೆ. ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಮೊದಲ ರಾತ್ರಿ ಸುಮ್ಮನೆ ನಿಂತಲ್ಲಿಂದಲೇ ಒಂಬತ್ತೂ ಜಾಗದ ಫೋಟೋ ತೆಗೆದೆ. ಒಂದರಲ್ಲಿ ಕತ್ತಿ ಮೇಲಿದೆ, ಇನ್ನೊಂದರಲ್ಲಿ ಕೆಳಗಿದೆ. ಒಂದರಲ್ಲಿ ಕೆಂಡದ ಕೆಂಪು, ಇನ್ನೊಂದರಲ್ಲಿ ಎಲ್‌ಇಡಿಯ ನೀಲಿ. ನೋಡುವವರ ಕಣ್ಣು ಬೆಳಕಿನ ವ್ಯತ್ಯಾಸ, ಕೋನದ ವ್ಯತ್ಯಾಸ ಅಂತ ಅದರಲ್ಲೇ ಸುತ್ತುತ್ತದೆ, ಸಿಪ್ಪೆಯ ವ್ಯತ್ಯಾಸಕ್ಕೆ ಬರುವುದೇ ಇಲ್ಲ. ಆಗ ನೆನಪಾದವರು ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ. 1959ರಿಂದ ದಶಕಗಳ ಕಾಲ ಅವರು ನೀರಿನ ಟ್ಯಾಂಕು, ಗಣಿಯ ಗೋಪುರ, ಕಬ್ಬಿಣ ಕರಗಿಸುವ ಕುಲುಮೆಗಳ ಫೋಟೋ ತೆಗೆದರು. ಪ್ರತಿಯೊಂದೂ ನೇರ ಎದುರಿನಿಂದ, ಮೋಡ ಕವಿದ ದಿನದ ನೆರಳಿಲ್ಲದ ಬೆಳಕಿನಲ್ಲಿ, ಕಟ್ಟಡ ಚೌಕಟ್ಟಿನ ತುಂಬ ಬರುವ ಹಾಗೆ. ಆಮೇಲೆ ಒಂದೇ ಜಾತಿಯವನ್ನು ಚೌಕಾಬಾರದ ಮನೆಗಳ ಹಾಗೆ ಸಾಲುಸಾಲಾಗಿ ಜೋಡಿಸುತ್ತಿದ್ದರು. ಬೇರೆಲ್ಲವೂ ಒಂದೇ ಆದಾಗ ಒಂದು ಟ್ಯಾಂಕಿಗೂ ಇನ್ನೊಂದಕ್ಕೂ ಇರುವ ಭೇದ ಮುಖದಿಂದ ಮುಖಕ್ಕೆ ಇರುವ ಭೇದದಷ್ಟು ಕಾಣುತ್ತದೆ. 1990ರ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನದಲ್ಲಿ ಅವರಿಗೆ ಬಂದ ಪ್ರಶಸ್ತಿ ಶಿಲ್ಪಕಲೆಗಾಗಿ ಬಂದದ್ದು, ಫೋಟೋಗ್ರಫಿಗಾಗಿ ಅಲ್ಲ. ನಮ್ಮ ಚಪ್ಪರದಡಿ ನಿಂತು ಆ ಸಿಪ್ಪೆಯ ಗೋಡೆಗಳನ್ನು ನೋಡುತ್ತ ಆ ಪ್ರಶಸ್ತಿ ಯಾಕೆ ಹಾಗೆ ಬಂತು ಅಂತ ಚೆನ್ನಾಗಿ ತಿಳಿಯಿತು.

ಹಾಗಾಗಿ ನನಗೂ ಕಟ್ಟುಪಾಡು ಬೇಕಾಯಿತು. ನೇರ ಮೇಲಿನಿಂದ ತೆಗೆಯಬೇಕು. ಕೂತವರ ಕಡೆ ಚಿತ್ರದ ಕೆಳಗೆ, ಕತ್ತಿಯ ಅಲಗು ಮೇಲೆ. ಬೆಳಕು ಯಾವಾಗಲೂ ಎಡದಿಂದ.

ಹೇಳುವುದು ಸುಲಭ. ನೆಲದಿಂದ ಎರಡೂಕಾಲು ಮೀಟರ್ ಎತ್ತರದಲ್ಲಿ ಕ್ಯಾಮೆರಾ ಇದ್ದರೆ ನನ್ನ ಲೆನ್ಸಿಗೆ ಎರಡು ಮೀಟರ್ ಅಗಲದ ನೆಲ ಸಿಗುತ್ತದೆ, ಒಬ್ಬರ ಜಾಗಕ್ಕೆ ಅಷ್ಟು ಸಾಕು. ನಮ್ಮ ಮನೆಯದೊಂದು, ಪಕ್ಕದ ಮನೆಯದೊಂದು ಏಣಿ ತಂದು ಆಚೆಗೊಂದು ಈಚೆಗೊಂದು ನಿಲ್ಲಿಸಿ, ನಡುವೆ ಬಿದಿರಿನ ಗಳ ಕಟ್ಟಿ, ಗಳಕ್ಕೆ ಕ್ಯಾಮೆರಾವನ್ನು ಕ್ಲ್ಯಾಂಪ್ ಹಾಕಿ ಕೆಳಮುಖವಾಗಿ ಬಿಗಿದೆವು. ‘ದೆವು’ ಅಂದರೆ ನಾನು, ನನ್ನ ತಮ್ಮ. ಕ್ಯಾಮೆರಾ ಸರಿಯಾಗಿ ಮಧ್ಯಕ್ಕಿದೆಯೋ ಅಂತ ನೋಡಲು ದಾರಕ್ಕೆ ಒಂದು ಅಡಿಕೆ ಕಟ್ಟಿ ಲೆನ್ಸಿನ ಪಕ್ಕದಿಂದ ಇಳಿಬಿಟ್ಟು, ಅದು ಮಣೆಗೂ ಕತ್ತಿಗೂ ನಡುವೆ ಬರುವ ಹಾಗೆ ಏಣಿ ಸರಿಸುತ್ತಿದ್ದೆವು. ಗಳಕ್ಕೆ ಕೈ ತಾಗಿದರೂ ಚಿತ್ರ ಅಲುಗುತ್ತದೆ. ಅದಕ್ಕೆ ಮೊಬೈಲಿನಿಂದಲೇ ಶಟರ್ ಒತ್ತುವುದು, ಒತ್ತುವ ಮೊದಲು ಗಳ ತೂಗಾಡುವುದು ನಿಲ್ಲುವವರೆಗೆ ಕಾಯುವುದು.

ಬೆಳಕಿನದು ಬೇರೆಯೇ ಕಥೆ. ಚಪ್ಪರದಲ್ಲಿ ಮೂರು ಎಲ್‌ಇಡಿ ಬಲ್ಬುಗಳಿವೆ, ಒಲೆಯ ಹತ್ತಿರ ಒಂದು ಹಳದಿ ಬಲ್ಬು, ಜೊತೆಗೆ ಬೆಂಕಿ. ಮೂರಕ್ಕೂ ಮೂರು ಬಣ್ಣ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಜನರಿದ್ದಾಗ ತೆಗೆದ ಚಿತ್ರಗಳಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಅಳತೆ) 6400ಕ್ಕೆ ಏರಿಸಿದ್ದರಿಂದ ಕತ್ತಲು ಕಾಳುಕಾಳಾಗಿತ್ತು. ಶಟರ್ ವೇಗ ಹೆಚ್ಚಿಸಿದಾಗ ಪಟ್ಟೆಪಟ್ಟೆ ಬಂದಿತ್ತು. ನಮ್ಮ ಕರೆಂಟು 50 ಹರ್ಟ್ಜ್‌ನದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಖಾಲಿ ಜಾಗಕ್ಕೆ ಈ ಯಾವ ತೊಂದರೆಯೂ ಇಲ್ಲ. ಸಿಪ್ಪೆ ಅಲುಗುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಶಟರ್ ತೆರೆದಿಡಬಹುದು. ಎಲ್ಲ ದೀಪ ಆರಿಸಿ, ಒಂದೇ ಒಂದು ಬಲ್ಬನ್ನು ವೈರಿನ ಸಮೇತ ಕೋಲಿಗೆ ಕಟ್ಟಿ, ಮುಂದೆ ಅಪ್ಪಯ್ಯನ ಬಿಳಿ ಪಂಚೆ ಇಳಿಬಿಟ್ಟು ಎಡಗಡೆ ಹಿಡಿಯಲು ತಮ್ಮನಿಗೆ ಹೇಳಿದೆ. ಲೆನ್ಸಿನ ಕಿಂಡಿ ಎಫ್ 8, ಐಎಸ್‌ಒ 200, ಎರಡು ಸೆಕೆಂಡು. ಪಂಚೆಯಿಂದ ಸೋಸಿ ಬಂದ ಬೆಳಕಿನಲ್ಲಿ ಸಿಪ್ಪೆಯ ಒಂದೊಂದು ನಾರೂ ಬಿಡಿಸಿ ಇಟ್ಟ ಹಾಗೆ ಕಾಣಿಸಿತು. ಆ ಮೊದಲ ಚಿತ್ರವನ್ನು ಪುಟ್ಟ ಪರದೆಯ ಮೇಲೆ ನೋಡಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನೊಂದು ವಿಷಯ ಮೊದಲೇ ಗೊತ್ತಿದ್ದರೂ ಹೊಳೆದಿರಲಿಲ್ಲ. ಹಸಿ ಸಿಪ್ಪೆಯ ಒಳಮೈ ಸುಲಿದ ಗಳಿಗೆಯಲ್ಲಿ ಬೆಳ್ಳಗಿರುತ್ತದೆ, ಗಾಳಿಗೆ ಕಂದುತ್ತ ಹೋಗಿ ಬೆಳಗಾಗುವಷ್ಟರಲ್ಲಿ ಕಂದುಬಣ್ಣ. ಒಂದು ಜಾಗದಿಂದ ಇನ್ನೊಂದಕ್ಕೆ ಏಣಿ ಸರಿಸಿ ಸಜ್ಜು ಮಾಡಲು ಐದಾರು ನಿಮಿಷ ಬೇಕು. ಒಂಬತ್ತನೆಯ ಜಾಗಕ್ಕೆ ಬರುವಾಗ ಮುಕ್ಕಾಲು ಗಂಟೆ ಕಳೆದಿರುತ್ತದೆ. ಮೊದಲ ಚಿತ್ರ ಹಸಿರು ಬಿಳಿ, ಕೊನೆಯದು ಮಂಕು. ಹಾಗಾಗಿ ರಾತ್ರಿಗೆ ಮೂರೇ ಜಾಗ ಅಂತ ಮಾಡಿಕೊಂಡೆ, ಅವರು ಎದ್ದ ಕಾಲು ಗಂಟೆಯೊಳಗೆ ಮುಗಿಯಬೇಕು. ಕಡೆಯ ಕಾಯಿ ಸುಲಿದ ಸಿಪ್ಪೆ ಎಲ್ಲದರ ಮೇಲೆ ಇನ್ನೂ ಬೆಳ್ಳಗೆ ಬಿದ್ದಿರುವುದು ಒಂಬತ್ತರಲ್ಲೂ ಕಾಣುತ್ತದೆ. ನೋಡಿದವರಿಗೆ ಇದೀಗ ಎದ್ದು ಹೋದರು ಅನಿಸುವುದು ಅದರಿಂದ.

ಮೂರನೆಯ ರಾತ್ರಿ ದೊಡ್ಡಕ್ಕನ ಸರದಿ. ಅವರು ಎದ್ದು ಸೆರಗು ಕೊಡವಿಕೊಂಡು ಹೊರಟವರು ಏಣಿ ತಮ್ಮ ಜಾಗದ ಮೇಲೆ ಬಂದದ್ದು ನೋಡಿ ನಿಂತರು.

‘ಇದೆಂತದು ತಂಗಿ, ನಾ ಎದ್ದ ಮೇಲೆ ನನ್ ಮಣೆ ಫೋಟೋ ಎಂತಕೆ?’

ವಿವರಿಸಿದೆ. ಅವರಿಗೆ ಹಿಡಿಸಲಿಲ್ಲ. ‘ಬರೀ ಮಣೆ ಫೋಟೋ ತೆಗಿಯೋದು ಒಳ್ಳೇದಲ್ಲ. ಹೋದೋರ ಮಣೆ ಆಗ್ತದೆ ಅದು. ನಾನಿನ್ನೂ ನಾಳೆ ಬರೋಳು.’

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾದ ಅಳುಕಿತ್ತು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಚೌಕಟ್ಟು, ಬೆಳಕು, ಬಣ್ಣ ಅಂತ ಮೂರು ದಿನ ಓಡಾಡಿದವಳಿಗೆ ಖಾಲಿ ಮಣೆ ಅಂದರೆ ಆ ಚಪ್ಪರದ ಜನರಿಗೆ ಏನು ಅಂತ ಕೇಳಬೇಕು ಅನಿಸಿರಲಿಲ್ಲ. ಹಾಗಾದರೆ ಬೇಡ ದೊಡ್ಡಕ್ಕ ಅಂದು ಗಳದ ಹಗ್ಗ ಬಿಚ್ಚಲು ತಮ್ಮನಿಗೆ ಹೇಳಿದೆ. ಎಂಟೇ ಇರಲಿ ಅಂತ ಮನಸ್ಸಿಗೆ ಹೇಳಿಕೊಂಡೆ, ಮನಸ್ಸು ಒಪ್ಪಲಿಲ್ಲ. ಒಂಬತ್ತು ಜನರ ಚಪ್ಪರದಲ್ಲಿ ಎಂಟು ಜಾಗ ತೋರಿಸಿದರೆ ಬಿಟ್ಟುಹೋದ ಜಾಗವೇ ಎದ್ದು ಕಾಣುತ್ತದೆ.

ಅವರು ಅಂಗಳ ದಾಟಿದವರು ತಿರುಗಿ ಬಂದರು. ಸೊಂಟದಿಂದ ಎಲೆಸಂಚಿ ತೆಗೆದು ಮಣೆಯ ಮೇಲಿಟ್ಟರು. ಕೆಂಪು ಬಟ್ಟೆಯದು, ಬಾಯಿಗೆ ಕಪ್ಪು ದಾರ. ‘ಈಗ ತೆಗಿ. ಬಸ್ಸಲ್ಲಿ ಸೀಟಿಗೆ ಟವಲ್ ಹಾಕಿದ ಹಾಗೆ. ಈಗ ಅದು ನನ್ ಜಾಗ, ನಾ ಬರ್ತೀನಿ ಅಂತ ಗೊತ್ತಾಗ್ತದೆ.’

ತೆಗೆದೆ. ಪರದೆಯ ಮೇಲೆ ನೋಡಿದಾಗ ಹಿಂದಿನ ಎರಡು ರಾತ್ರಿಯ ಆರೂ ಚಿತ್ರಗಳು ಇದರ ಮುಂದೆ ಬಡವಾದವು. ಅವುಗಳಲ್ಲಿ ಇದ್ದದ್ದು ಜನ ಗೊತ್ತಿಲ್ಲದೆ ಬಿಟ್ಟುಹೋದದ್ದು. ಇದರಲ್ಲಿ ಒಬ್ಬರು ತಾವಾಗಿ ಇಟ್ಟುಹೋದದ್ದು ಇತ್ತು. ಆ ಕೆಂಪು ಸಂಚಿ ಹಸಿರು ಬಿಳಿಯ ಬಟ್ಟಲಿನ ನಡುವೆ ಕುಂಕುಮದ ಹಾಗೆ ಕೂತಿತ್ತು.

ಕಟ್ಟುಪಾಡು ಮುರಿಯಿತು ಅನ್ನಲೇ? ಬೆಕರ್ ದಂಪತಿ ಒಪ್ಪುತ್ತಿರಲಿಲ್ಲವೇನೋ. ನಾನು ಮರುದಿನ ಎಲ್ಲರನ್ನೂ ಕೇಳಿದೆ: ನಿಮ್ಮ ಜಾಗ ಕಾಯಲು ಒಂದು ವಸ್ತು ಇಡುತ್ತೀರಾ? ಹಿಂದಿನ ಚಿತ್ರಗಳನ್ನೆಲ್ಲ ಬದಿಗಿಟ್ಟು ಮತ್ತೆ ಮೂರು ರಾತ್ರಿ ತೆಗೆದೆವು. ಕೊಯ್ಲು ಮುಗಿಯಲು ಐದೇ ದಿನ ಇತ್ತು. ಎಡಗೈಯವರು ತಲೆಗೆ ಸುತ್ತುವ ಟವಲ್ಲು ಮಡಚಿಟ್ಟರು. ಅವರ ಹೆಂಡತಿ ಮೊದಲ ದಿನ ಏನೂ ಇಡದೆ, ಎರಡನೆಯ ದಿನ ಮಗಳ ಹಳೆಯ ಸ್ಕೂಲ್ ಬ್ಯಾಗಿನಿಂದ ಮಾಡಿದ ಕೂರುವ ಮೆತ್ತೆಯನ್ನು ಮಣೆಯ ಮೇಲೆ ಬಿಟ್ಟುಹೋದರು. ದಿನಾ ಅದನ್ನು ಮನೆಗೆ ಒಯ್ಯುತ್ತಿದ್ದರಂತೆ. ಐಟಿಐ ಹುಡುಗ ಹೆಬ್ಬೆರಳಿಗೆ ಸುತ್ತಿಕೊಳ್ಳುವ ಸೈಕಲ್ ಟ್ಯೂಬಿನ ತುಂಡನ್ನು ಅಲಗಿನ ಬುಡದಲ್ಲಿಟ್ಟ. ಇಬ್ಬರು ನೀರಿನ ಬಾಟಲಿ, ಒಬ್ಬರು ಬ್ಯಾಟರಿ. ‘ಬ್ಯಾಟರಿ ಇಟ್ಟು ಕತ್ತಲಲ್ಲಿ ಹೆಂಗೆ ಹೋಗ್ತೀಯ’ ಅಂತ ಉಳಿದವರು ಕೇಳಿದ್ದಕ್ಕೆ ‘ನಿಮ್ಮ ಬೆಳಕಲ್ಲಿ’ ಅಂದರು. ತಮ್ಮದು ಏನನ್ನೂ ಇಡದ ಒಬ್ಬರಿದ್ದಾರೆ. ಅವರು ಸುಲಿಯದೆ ಉಳಿದ ಒಂದು ಕಾಯನ್ನು ಮಣೆಯ ಮಧ್ಯಕ್ಕಿಟ್ಟು ಹೋದರು.

ಆಯ್ಕೆ ಮಾಡುವ ಕೆಲಸ ಬೇಗ ಮುಗಿಯಿತು, ಯಾಕೆಂದರೆ ಕಟ್ಟುಪಾಡೇ ಮುಕ್ಕಾಲು ಆಯ್ಕೆ ಮಾಡಿತ್ತು. ಕಷ್ಟವಾದದ್ದು ಒಂದೇ ಚಿತ್ರದಲ್ಲಿ. ಹಂಡೆಗೆ ಹತ್ತಿರದ ಜಾಗ ತೆಗೆಯುವಾಗ ಗಾಳಿ ತಿರುಗಿ ಹಬೆಯ ಒಂದು ಎಳೆ ಚೌಕಟ್ಟಿನೊಳಗೆ ಬಂದು, ಎರಡು ಸೆಕೆಂಡಿನಲ್ಲಿ ಹಾಲಿನ ಹಾಗೆ ಹರಡಿತ್ತು. ನಾನು ಇದುವರೆಗೆ ತೆಗೆದ ಫೋಟೋಗಳಲ್ಲೇ ಅದು ಅತಿ ಚೆಂದದ್ದು. ಒಂಬತ್ತರ ನಡುವೆ ಇಟ್ಟರೆ ಉಳಿದ ಎಂಟನ್ನು ಯಾರೂ ನೋಡುವುದಿಲ್ಲ. ನಾಲ್ಕು ದಿನ ಇಟ್ಟು, ತೆಗೆದು, ಮತ್ತೆ ಇಟ್ಟು, ಕೊನೆಗೆ ಅದೇ ಜಾಗದ ಹಬೆಯಿಲ್ಲದ ಚಿತ್ರವನ್ನೇ ಹಾಕಿದೆ. ಹಬೆಯದು ಬೇರೆ ಫೋಲ್ಡರಿನಲ್ಲಿದೆ.

ಬಣ್ಣ ತಿದ್ದಿದ್ದು ಡಾರ್ಕ್‌ಟೇಬಲ್‌ನಲ್ಲಿ, ಅದು ಪುಕ್ಕಟೆ ಸಿಗುವ ತಂತ್ರಾಂಶ. ರಾ ಫೈಲುಗಳಲ್ಲಿ (ಕ್ಯಾಮೆರಾ ತಿದ್ದದೆ ಕೊಟ್ಟ ಮೂಲ ಚಿತ್ರಗಳಲ್ಲಿ) ಮೊದಲನೆಯದಕ್ಕೆ ಬಿಳಿ ಸಮತೋಲ, ಬೆಳಕು, ನೆರಳು ಹೊಂದಿಸಿ ಆ ತಿದ್ದುಪಡಿಯನ್ನೇ ನಕಲು ಮಾಡಿ ಉಳಿದ ಎಂಟಕ್ಕೂ ಅಂಟಿಸಿದೆ. ಪ್ರತಿ ರಾತ್ರಿ ಮೊದಲ ಚಿತ್ರದಲ್ಲಿ ಬಣ್ಣ ಹೊಂದಿಸಲು ಒಂದು ಬೂದು ಕಾರ್ಡು ಇಟ್ಟು ತೆಗೆದದ್ದು ಆಗ ಕೆಲಸಕ್ಕೆ ಬಂತು. ಒಂದೊಂದನ್ನೇ ಕೂತು ಚೆಂದ ಮಾಡಿದ್ದರೆ ಒಂಬತ್ತು ಬೇರೆಬೇರೆ ರಾತ್ರಿಗಳಾಗುತ್ತಿದ್ದವು. ಜೋಡಣೆಯಲ್ಲಿ ಮೊದಲು ನೀಟಾದ ಜಾಗದಿಂದ ಚೆಲ್ಲಾಪಿಲ್ಲಿ ಜಾಗದವರೆಗೆ ಅಂತ ಇಟ್ಟೆ. ಅದು ಅವರಿಗೆ ಮಾರ್ಕ್ಸ್ ಹಾಕಿದ ಹಾಗಾಯಿತು, ತೆಗೆದೆ. ಈಗ ಅವರು ಕೂರುವ ಸಾಲೇ ಚಿತ್ರಗಳ ಸಾಲು, ಹಂಡೆಯ ಬಲದಿಂದ ಶುರುವಾಗಿ ಒಂದು ಸುತ್ತು. ಹಾಗಾಗಿ ಹುಡುಗನ ಸಿಪ್ಪೆ ಪಕ್ಕದ ಚಿತ್ರದೊಳಗೂ ನಾಲ್ಕೈದು ಬಿದ್ದಿರುವುದು ಕಾಣುತ್ತದೆ.

ಪ್ರಿಂಟ್ ಹಾಕಿಸಿದಾಗ ಒಂದು ಪೆಟ್ಟು ತಿಂದೆ. 8 ಇಂಚು, 12 ಇಂಚಿನ ಮ್ಯಾಟ್ ಕಾಗದ ಹೇಳಿದ್ದೆ. ಅಂಗಡಿಯ ಯಂತ್ರ ತನ್ನಷ್ಟಕ್ಕೆ ಪ್ರತಿ ಚಿತ್ರಕ್ಕೂ ಬಣ್ಣ ಸರಿಮಾಡಿ ಕೊಟ್ಟಿತು. ಟವಲ್ಲು ನೀಲಿ, ಸಿಪ್ಪೆ ಗುಲಾಬಿ, ಒಂದೊಂದರದು ಒಂದೊಂದು ಹೊಳಪು. ಅಷ್ಟು ರಾತ್ರಿ ಪಂಚೆ ಹಿಡಿದು ನಿಂತದ್ದೆಲ್ಲ ಹೋಯಿತು ಅಂತ ಅಂಗಡಿಯ ಮೆಟ್ಟಿಲ ಮೇಲೆ ಕಣ್ಣಲ್ಲಿ ನೀರು ಬಂತು. ಎರಡನೆಯ ಸಲ ‘ಕರೆಕ್ಷನ್ ಏನೂ ಮಾಡಬೇಡಿ, ಫೈಲ್ ಹೇಗಿದೆಯೋ ಹಾಗೇ’ ಅಂತ ಬರೆದು ಕೊಟ್ಟೆ. ಸರಿಯಾಗಿ ಬಂತು. ನೀವು ಸರಣಿ ಮಾಡುವುದಾದರೆ ಮೊದಲು ಒಂದೆರಡು ಮಾತ್ರ ಹಾಕಿಸಿ ನೋಡಿ.

ಸಂಕ್ರಾಂತಿಯ ಮರುದಿನ ಲೆಕ್ಕ ಚುಕ್ತಾ ಮಾಡಲು ಎಲ್ಲರೂ ಮನೆಗೆ ಬಂದಿದ್ದರು. ಜಗಲಿಯ ಮೇಲೆ ಒಂಬತ್ತನ್ನೂ ಸಾಲಾಗಿ ಹಾಸಿದೆ. ಯಾರಿಗೂ ಯಾವುದು ಯಾರದು ಅಂತ ಹೇಳಬೇಕಾಗಲಿಲ್ಲ. ಒಂದು ಕಡೆ ನಾನೇ ತಪ್ಪಿದ್ದೆ. ಕೊನೆಯ ರಾತ್ರಿ ನಡುವೆ ಕರೆಂಟು ಹೋಗಿ, ಬಂದ ಮೇಲೆ ತೆಗೆದ ಎರಡು ಚಿತ್ರಗಳ ಹೆಸರು ಅದಲುಬದಲಾಗಿತ್ತು. ಎರಡರಲ್ಲೂ ಮಣೆಯ ಮೇಲಿದ್ದದ್ದು ಒಂದೇ ಥರದ ನೀರಿನ ಬಾಟಲಿ. ‘ಇದು ನಂದಲ್ಲ, ಅವಳದು’ ಅಂದರು ಒಬ್ಬರು ಬಗ್ಗಿ ನೋಡಿ. ‘ನಾನು ಎರಡು ಎಳೆತಕ್ಕೆ ಬಿಡಿಸ್ತೀನಿ, ಅವಳು ಮೂರು. ಸಿಪ್ಪೆ ಚೂರು ನೋಡು, ಸಣ್ಣದಿದೆ.’ ನೋಡಿದೆ. ನಿಜ.

ದೊಡ್ಡಕ್ಕ ತಮ್ಮ ಚಿತ್ರವನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಸಂಚಿಯ ಬಗ್ಗೆಯೂ ಏನೂ ಹೇಳಲಿಲ್ಲ. ತುಂಬ ಹೊತ್ತು ಬಗ್ಗಿ ಮೆಟ್ಟುಗತ್ತಿಯ ಹಲಗೆಯನ್ನೇ ನೋಡಿದರು. ‘ಇದನ್ನ ದೊಡ್ಡದು ಮಾಡಕ್ಕೆ ಬರ್ತದಾ?’ ಅಂತ ಕೇಳಿದರು. ಲ್ಯಾಪ್‌ಟಾಪ್ ತಂದು ಮೂಲ ಫೈಲು ತೆರೆದೆ. ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್, ಹಲಗೆಯೊಂದೇ ಪರದೆಯ ತುಂಬ ಬರುವವರೆಗೆ ಹಿಗ್ಗಿಸಿದೆ. ಮರದ ಮೇಲೆ, ಕಾಲು ಮೆಟ್ಟುವ ಕಡೆ, ಎರಡು ತಗ್ಗು. ಎಡದಿಂದ ಬಿದ್ದ ಬೆಳಕಿಗೆ ಎರಡರ ಅಂಚಿಗೂ ಸಣ್ಣ ನೆರಳು. ಒಂದು ಅಗಲ, ನುಣುಪಾಗಿ ಹಳೆಯದು. ಅದರ ಒಳಮಗ್ಗುಲಿಗೆ ಇನ್ನೊಂದು, ಚಿಕ್ಕದು. ಇಷ್ಟು ದಿನ ಈ ಚಿತ್ರ ನೋಡಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವರು ಪರದೆಗೆ ಬೆರಳು ತಾಗಿಸಿದರು. ಕರೆ ಇನ್ನೂ ಹೋಗಿರದ ಕಪ್ಪು ಬೆರಳು.

‘ಈ ದೊಡ್ಡದು ನಮ್ಮತ್ತೇದು. ಅವರ ಹಿಮ್ಮಡಿ ಅಗಲ ಇತ್ತು. ಇದು ನಂದು.’